ಗಾಳಿಚೀಲದ ಸಸ್ಪೆನ್ಷನ್: ಪಿಕಪ್ ವಾಹನ ಮತ್ತು ಟ್ರೇಲರ್

ಪಿಕಪ್ ವಾಹನದ ಹಿಂದಿನ ಅಚ್ಚಿಗೂ ಚಾಸಿಗೂ ನಡುವೆ, ಎಡಕ್ಕೊಂದು ಬಲಕ್ಕೊಂದು, ಗಾಳಿ ತುಂಬಬಲ್ಲ ದಪ್ಪ ರಬ್ಬರಿನ ಚೀಲಗಳನ್ನು ಕೂರಿಸಿ, ಭಾರಕ್ಕೆ ಕುಸಿದ ಹಿಂಭಾಗವನ್ನು ಮೊದಲಿನ ಎತ್ತರಕ್ಕೆ ತರುವ ವ್ಯವಸ್ಥೆಗೆ ಗಾಳಿಚೀಲದ ಸಸ್ಪೆನ್ಷನ್ ಎಂದು ಹೆಸರು. ಅಪಘಾತವಾದಾಗ ಸ್ಟೀರಿಂಗ್ ಚಕ್ರದೊಳಗಿಂದ ಉಬ್ಬಿ ಬರುವ ಏರ್‌ಬ್ಯಾಗಿಗೂ ಇದಕ್ಕೂ ಹೆಸರೊಂದೇ ಸಾಮಾನ್ಯ. ಈ ಚೀಲ ಸದಾ ಉಬ್ಬಿಕೊಂಡೇ ಇದ್ದು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಬಸ್ಸಿನ ಮೆಕ್ಯಾನಿಕ್‌ಗಳು ಇದನ್ನು ‘ಬೆಲ್ಲೊ’ ಎನ್ನುತ್ತಾರೆ. ಕಮ್ಮಾರನ ತಿದಿಗೆ ಇಂಗ್ಲಿಷಿನಲ್ಲಿರುವ ಹೆಸರೇ ಅದು, ಚೀಲದ ರೂಪವೂ ತಿದಿಯನ್ನೇ ಹೋಲುತ್ತದೆ. ಟ್ರೇಲರ್ ಎಳೆಯುವ ಪಿಕಪ್‌ಗಳಿಗೆ ಸಾಮಾನ್ಯವಾಗಿ ಹಾಕುವುದು ‘ಸಹಾಯಕ’ ಚೀಲ. ಅಂದರೆ ವಾಹನದೊಂದಿಗೆ ಬಂದ ಕಮಾನು ಪಟ್ಟಿಗಳು ತಮ್ಮ ಜಾಗದಲ್ಲೇ ಉಳಿಯುತ್ತವೆ, ಚೀಲ ಅವುಗಳ ಹೊರೆಯಲ್ಲಿ ಒಂದು ಪಾಲನ್ನು ಹೊರುತ್ತದೆ.

ಟ್ರೇಲರ್ ಕಟ್ಟಿದಾಗ ಪಿಕಪ್‌ನ ಹಿಂಭಾಗ ಕುಸಿಯುವ ಕಾರಣ ಎತ್ತಿನ ಗಾಡಿ ಹೊಡೆದವರಿಗೆ ಹೇಳಿಕೊಡಬೇಕಾದದ್ದಲ್ಲ. ಎರಡು ಚಕ್ರದ ಗಾಡಿಯಲ್ಲಿ ಮೂಟೆಗಳನ್ನು ಅಚ್ಚಿನ ಹಿಂದಕ್ಕೆ ಹೇರಿದರೆ ಗಾಡಿ ಹಿಂಭಾರವಾಗಿ ಮೂಕಿ ಮೇಲೇಳುತ್ತದೆ, ಕೊರಳ ಹಗ್ಗ ಎತ್ತಿನ ಗಂಟಲನ್ನು ಒತ್ತುತ್ತದೆ. ಮುಂದಕ್ಕೆ ಹೇರಿದರೆ ಮುಂಭಾರವಾಗಿ ನೊಗ ಎತ್ತಿನ ಹೆಗಲನ್ನು ಅರೆಯುತ್ತದೆ. ಅಚ್ಚಿನ ಮೇಲೆ ಬಹುಭಾಗ ನಿಂತು ನೊಗದ ಮೇಲೆ ಸ್ವಲ್ಪವೇ ಭಾರ ಬೀಳುವಂತೆ ಹೇರುವುದೇ ಗಾಡಿ ಹೇರುವವನ ಜಾಣ್ಮೆ. ಎರಡು ಚಕ್ರದ ಟ್ರೇಲರಿಗೂ ಇದೇ ನ್ಯಾಯ. ಅದರ ಒಟ್ಟು ತೂಕದಲ್ಲಿ ಶೇ. 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕೆಂಬುದು ಸಾಮಾನ್ಯವಾಗಿ ಹೇಳುವ ಅಳತೆ. ಇದನ್ನು ಮೂಕಿಭಾರ ಎಂದು ಕರೆಯಬಹುದು. 1,000 ಕಿಲೋ ತೂಗುವ ಟ್ರೇಲರಿನ ಮೂಕಿಭಾರ 100ರಿಂದ 150 ಕಿಲೋ. ಅದಕ್ಕಿಂತ ಕಡಿಮೆಯಾದರೆ ಟ್ರೇಲರ್ ಬಾಲದಂತೆ ಅತ್ತಿತ್ತ ಬೀಸತೊಡಗುತ್ತದೆ, ವೇಗ ಹೆಚ್ಚಿದಷ್ಟೂ ಆ ಬೀಸು ಹಿಡಿತ ತಪ್ಪುತ್ತದೆ.

ಎತ್ತಿಗೂ ಪಿಕಪ್‌ಗೂ ಒಂದು ವ್ಯತ್ಯಾಸವುಂಟು. ನೊಗ ಎತ್ತಿನ ಹೆಗಲ ಮೇಲೆ ನೇರವಾಗಿ ಕೂರುತ್ತದೆ. ಪಿಕಪ್‌ನ ಕೊಂಡಿ ಇರುವುದು ಹಿಂದಿನ ಅಚ್ಚಿಗಿಂತ ಇನ್ನೂ ಒಂದು ಮೀಟರಿನಷ್ಟು ಹಿಂದೆ, ಬಂಪರಿನ ಬಳಿ. ಹಾಗಾಗಿ ಅಲ್ಲಿ ಬಿದ್ದ ಭಾರ ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 3 ಮೀಟರ್ ಅಂತರ, ಹಿಂದಿನ ಅಚ್ಚಿನಿಂದ ಕೊಂಡಿಗೆ 1.2 ಮೀಟರ್ ಎಂದು ಇಟ್ಟುಕೊಂಡರೆ, 150 ಕಿಲೋ ಮೂಕಿಭಾರಕ್ಕೆ ಹಿಂದಿನ ಅಚ್ಚಿನ ಮೇಲೆ ಹೆಚ್ಚುವುದು 150 ಅಲ್ಲ, 210 ಕಿಲೋ. ಮಿಕ್ಕ 60 ಕಿಲೋ ಬಂದದ್ದು ಮುಂದಿನ ಅಚ್ಚಿನಿಂದ: ಅಲ್ಲಿ ಅಷ್ಟು ಭಾರ ಹಗುರಾಗಿದೆ. ಮುಂದಿನ ಚಕ್ರಗಳು ಹಗುರಾದ ವಾಹನದಲ್ಲಿ ಸ್ಟೀರಿಂಗ್ ತೇಲಿದಂತಾಗುತ್ತದೆ, ಮುಂದಿನ ಬ್ರೇಕಿಗೆ ನೆಲದ ಹಿಡಿತ ಕಡಿಮೆಯಾಗುತ್ತದೆ. ಮೂಗೆತ್ತಿದ ವಾಹನದ ದೀಪ ಎದುರಿಗೆ ಬರುವವರ ಕಣ್ಣಿಗೆ ಹೊಡೆಯುತ್ತದೆ. ಕೊಂಡಿ ತಗ್ಗಿದ್ದರಿಂದ ಟ್ರೇಲರೂ ಮುಂದಕ್ಕೆ ಬಗ್ಗಿ ನಿಲ್ಲುತ್ತದೆ, ರಸ್ತೆಯ ಉಬ್ಬಿನಲ್ಲಿ ಅದರ ಮೂತಿ ನೆಲಕ್ಕೆ ತಗಲುತ್ತದೆ. ಗುಂಡಿಗೆ ಬಿದ್ದಾಗಲೆಲ್ಲ ಅಚ್ಚು ಹೋಗಿ ಚಾಸಿಯಡಿಯ ರಬ್ಬರ್ ಗಟ್ಟಿಗೆ ಬಡಿಯುವುದು ಇನ್ನೊಂದು ತೊಂದರೆ.

ಪಿಕಪ್‌ಗಳ ಇಂಥ ಓಡಾಟ ದಿನವೂ ಕಾಣುವ ಆಂಧ್ರಪ್ರದೇಶದ ರಾಯದುರ್ಗ ಮತ್ತು ಮಡಕಶಿರಾ ಸೀಮೆಗಳಲ್ಲಿ ಭಾರ ಸಾಗಿಸುವುದೆಂದರೆ ಬಹುಮಟ್ಟಿಗೆ ಕರ್ನಾಟಕದ ಗಡಿ ದಾಟುವುದೆಂದೇ ಅರ್ಥ. ರಾಯದುರ್ಗ 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯ ತಾಲ್ಲೂಕಾಗಿತ್ತು. ಆಂಧ್ರ ರಾಜ್ಯ ರಚನೆಯಾದ ಆ ದಿನ ಆಲೂರು, ಆದೋನಿಗಳ ಜೊತೆ ಆಂಧ್ರಕ್ಕೆ ಸೇರಿ ಅನಂತಪುರ ಜಿಲ್ಲೆಯ ಭಾಗವಾಯಿತು. ಮಡಕಶಿರಾ 2022ರ ಏಪ್ರಿಲ್‌ನಿಂದ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ಅದರ ಸುತ್ತಲಿನ ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆ ಮಂಡಲಗಳಲ್ಲಿ ಕನ್ನಡ ಮನೆಮಾತಾಗಿರುವ ಊರುಗಳು ಬಹಳ. ರಾಯದುರ್ಗದ ಸಂತೆಯ ಸಾಮಾನು ಬಳ್ಳಾರಿ, ಮೊಳಕಾಲ್ಮೂರುಗಳ ಕಡೆಗೂ ಮಡಕಶಿರಾದ್ದು ಶಿರಾ, ಪಾವಗಡ, ಮಧುಗಿರಿ, ಹಿಂದೂಪುರಗಳ ಕಡೆಗೂ ಹರಿಯುತ್ತದೆ. ಒಂದೇ ಬೆಳೆಗೆ ಬಳ್ಳಾರಿ ಕಡೆಯವರು ಶೇಂಗಾ ಎಂದರೆ ಶಿರಾ ಕಡೆಯವರು ಕಡ್ಲೆಕಾಯಿ ಎನ್ನುತ್ತಾರೆ. ಪಿಕಪ್ ಹೊರುವುದು ಎರಡೂ ಕಡೆ ಅದನ್ನೇ. ಅದರ ಜೊತೆಗೆ ಕುರಿ, ಟೊಮೆಟೊ ಕ್ರೇಟು, ಅಡಿಕೆ, ರೇಷ್ಮೆಗೂಡು, ರಾಯದುರ್ಗದಲ್ಲಿ ಹೊಲಿದ ಜೀನ್ಸ್ ಉಡುಪಿನ ಗಂಟುಗಳು. ಎಪಿ 39, ಕೆಎ 34, ಕೆಎ 64 ಸಂಖ್ಯೆಯ ಗಾಡಿಗಳು ಒಂದೇ ಹೋಟೆಲಿನ ಮುಂದೆ ನಿಂತಿರುವುದು ಇಲ್ಲಿ ದಿನನಿತ್ಯದ ನೋಟ.

ಇಲ್ಲಿ ಟ್ರೇಲರ್ ಎಂದರೆ ಮೊದಲು ನೆನಪಾಗುವುದು ಟ್ರ್ಯಾಕ್ಟರ್. ಟ್ರ್ಯಾಕ್ಟರಿನ ಹಿಂದಿನ ಅಚ್ಚಿಗೆ ಸ್ಪ್ರಿಂಗೇ ಇರುವುದಿಲ್ಲ. ಅಚ್ಚು ದೇಹಕ್ಕೇ ಬಿಗಿದಿರುತ್ತದೆ, ದೊಡ್ಡ ಟೈರಿನ ಗಾಳಿಯೇ ಅದಕ್ಕೆ ಸ್ಪ್ರಿಂಗು. ಹಾಗಾಗಿ ಮೂಕಿಭಾರಕ್ಕೆ ಅದು ಕುಸಿಯುವ ಮಾತಿಲ್ಲ. ಕಾಂಕ್ರೀಟ್ ಮಿಕ್ಸರ್, ಜನರೇಟರ್, ಸಣ್ಣ ನೀರಿನ ಟ್ಯಾಂಕರ್ ಮುಂತಾದ ಎರಡು ಚಕ್ರದ ಬಂಡಿಗಳನ್ನು ಪಿಕಪ್ ಅಥವಾ ಜೀಪಿನ ಹಿಂದೆ ಕಟ್ಟಿದಾಗಲೇ ಈ ಲೇಖನದ ವಿಷಯ ಹುಟ್ಟುವುದು. ಟ್ರೇಲರ್ ಇಲ್ಲದೆ ಬರಿಯ ಹಿಂಭಾರ ಹೇರಿದ ಪಿಕಪ್‌ಗೂ ಇದೇ ಲೆಕ್ಕ ಸಲ್ಲುತ್ತದೆ. ತೊಟ್ಟಿಯ ಬಾಗಿಲಾಚೆಗೆ ಚಾಚಿ ಹೇರಿದ ಕಬ್ಬಿಣದ ಸರಳುಗಳು ಟ್ರೇಲರಿನ ಕೊಂಡಿಯಷ್ಟೇ ಬಲವಾಗಿ ಹಿಂಭಾಗವನ್ನು ಜಗ್ಗುತ್ತವೆ.

ಹಿಂಭಾಗ ಕುಸಿದ ಗಾಡಿಗೆ ಈ ಭಾಗದಲ್ಲೂ ಕರ್ನಾಟಕದಲ್ಲೂ ಮೊದಲಿನಿಂದ ಮಾಡಿಕೊಂಡು ಬಂದ ಮದ್ದು ಕಮಾನು ಪಟ್ಟಿ ಸೇರಿಸುವುದು. ಕಮಾನು ಎಂದರೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಉದ್ದದಿಂದ ಗಿಡ್ಡಕ್ಕೆ ಒಂದರ ಕೆಳಗೊಂದು ಜೋಡಿಸಿ, ನಡುವೆ ಸೆಂಟರ್ ಬೋಲ್ಟ್ ಹಾಕಿ, ಅಚ್ಚಿಗೆ ಯು ಬೋಲ್ಟುಗಳಿಂದ ಬಿಗಿದ ಕಟ್ಟು. ಅದು ಭಾರ ಹೊರುವುದರ ಜೊತೆಗೆ ಇನ್ನೆರಡು ಕೆಲಸ ಮಾಡುತ್ತದೆ: ಅಚ್ಚನ್ನು ಹಿಂದುಮುಂದಾಗದಂತೆ ಜಾಗದಲ್ಲಿ ಹಿಡಿದಿಡುತ್ತದೆ, ಪಟ್ಟಿಗಳ ತಿಕ್ಕಾಟದಿಂದ ಕುಲುಕನ್ನು ಸ್ವಲ್ಪ ತಣಿಸುತ್ತದೆ. ಇಷ್ಟು ಸರಳವಾಗಿ, ಇಷ್ಟು ಅಗ್ಗವಾಗಿ, ಮೂರು ಕೆಲಸವನ್ನು ಒಟ್ಟಿಗೆ ಮಾಡುವ ಭಾಗ ವಾಹನದಲ್ಲಿ ಇನ್ನೊಂದಿಲ್ಲ. ಲಾರಿಗಳಲ್ಲಿ ಅದು ಇಂದಿಗೂ ಉಳಿದಿರುವುದು ಹಳೆಯ ಚಾಳಿಯಿಂದಲ್ಲ, ಈ ಗುಣದಿಂದ. ಸೋತ ಪಟ್ಟಿಯನ್ನು ಕುಲುಮೆಗೆ ಹಾಕಿ ಬಡಿದು ಮತ್ತೆ ಬಾಗಿಸುವವರೂ ಉಂಟು. ಸ್ಪ್ರಿಂಗ್ ಉಕ್ಕನ್ನು ಕೆಂಪಗೆ ಕಾಯಿಸಿದ ಮೇಲೆ ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾದ ಶಾಖದಲ್ಲಿ ಪಾಕಕ್ಕೆ ತರದಿದ್ದರೆ ಅದು ಒಂದೋ ಮೆತ್ತಗಾಗಿ ಮತ್ತೆ ಇಳಿಯುತ್ತದೆ, ಇಲ್ಲವೇ ಗಾಜಿನಂತೆ ಮುರಿಯುತ್ತದೆ. ಹೀಗೆ ಬಾಗಿಸಿದ ಪಟ್ಟಿ ಮುರಿಯಲು ಈ ಎರಡನೆಯ ಶಾಖವನ್ನು ಬಿಟ್ಟುಬಿಡುವುದೂ ಒಂದು ಕಾರಣ.

ಪಟ್ಟಿ ಸೇರಿಸುವುದರ ದೋಷ ಬೇರೆಡೆ ಇದೆ. ಸಮ ದಪ್ಪದ 5 ಪಟ್ಟಿಗಳ ಕಟ್ಟಿಗೆ ಆರನೆಯದನ್ನು ಸೇರಿಸಿದರೆ ಅದರ ಬಿಗಿ ಸುಮಾರು ಐದನೆಯ ಒಂದು ಪಾಲು ಹೆಚ್ಚುತ್ತದೆ. ಆ ಬಿಗಿ ಭಾರವಿದ್ದಾಗಲೂ ಇರುತ್ತದೆ, ಇಲ್ಲದಾಗಲೂ ಇರುತ್ತದೆ. ಹೊಲದಿಂದ ಮಂಡಿಗೆ ತುಂಬಿಕೊಂಡು ಹೋದ ಗಾಡಿ ಬಹುಮಟ್ಟಿಗೆ ಬರಿದಾಗಿಯೇ ಊರಿಗೆ ಮರಳುತ್ತದೆ. ಬರಿಗಾಡಿಯಲ್ಲಿ ಬಿಗಿಯಾದ ಕಮಾನು ಬಾಗುವುದೇ ಇಲ್ಲ. ಹಿಂದಿನ ಚಕ್ರ ಪ್ರತಿ ಕಲ್ಲಿಗೂ ನೆಲ ಬಿಟ್ಟು ಎಗರುತ್ತದೆ, ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವಿನ ಹಿಡಿತವೂ ಇಲ್ಲ. ಗಾಳಿಚೀಲದ ನಿಜವಾದ ಹೆಚ್ಚುಗಾರಿಕೆ ಇರುವುದು ಈ ವಾಪಸ್ಸು ಪ್ರಯಾಣದಲ್ಲಿ: ಟ್ರೇಲರ್ ಬಿಚ್ಚಿದೊಡನೆ ಗಾಳಿ ಇಳಿಸಿದರೆ ಗಾಡಿ ಮೊದಲಿನ ಮೆದುತನಕ್ಕೆ ಬರುತ್ತದೆ. ಅಚ್ಚಿನ ಮೇಲೆ ಕೂರುವ ಪೊಳ್ಳು ರಬ್ಬರ್ ಗಟ್ಟಿಗಳು ಈ ಎರಡರ ನಡುವಿನ ದಾರಿ. ಭಾರ ಬೀಳುವವರೆಗೆ ಅವು ಸುಮ್ಮನಿರುತ್ತವೆ, ಗಾಳಿಯ ತಂಟೆಯೂ ಇಲ್ಲ. ಆದರೆ ಎತ್ತರವನ್ನು ಬೇಕಾದಂತೆ ಹೊಂದಿಸಲು ಬರುವುದಿಲ್ಲ.

ಚೀಲ ಭಾರ ಹೊರುವ ಬಗೆ ಸರಳ. ಒಳಗಿನ ಗಾಳಿಯ ಒತ್ತಡವನ್ನು ಚೀಲದ ಭಾರ ಹೊರುವ ವಿಸ್ತೀರ್ಣದಿಂದ ಗುಣಿಸಿದರೆ ಅದು ಎತ್ತುವ ಭಾರ ಸಿಗುತ್ತದೆ. ಪಂಕ್ಚರ್ ಅಂಗಡಿಯಲ್ಲಿ ‘ಪೌಂಡು’ ಎನ್ನುವುದು ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂಬ ಒತ್ತಡದ ಅಳತೆ. 60 ಪೌಂಡು ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 4.2 ಕಿಲೋ. 15 ಸೆಂಟಿಮೀಟರ್ ವ್ಯಾಸದ ಚೀಲದ ವಿಸ್ತೀರ್ಣ ಸುಮಾರು 177 ಚದರ ಸೆಂಟಿಮೀಟರ್. ಅದರಲ್ಲಿ 60 ಪೌಂಡು ಗಾಳಿಯಿದ್ದರೆ ಒಂದು ಚೀಲ ಸುಮಾರು 745 ಕಿಲೋ ಎತ್ತಬಲ್ಲದು, 30 ಪೌಂಡಿದ್ದರೆ ಅದರರ್ಧ. ಇಷ್ಟು ಸಣ್ಣ ವಸ್ತು ಇಷ್ಟು ಭಾರ ಹೊರುವುದು ನಂಬಲಾಗದಂತೆ ಕಂಡರೂ, ಲಾರಿ ನಿಂತಿರುವುದೂ ಟೈರಿನೊಳಗಿನ ಗಾಳಿಯ ಮೇಲೆಯೇ. ಚೀಲ ಒತ್ತಿಕೊಂಡಾಗ ಒಳಗಿನ ಗಾಳಿಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ, ಹೀಗಾಗಿ ಒತ್ತಿದಷ್ಟೂ ಅದು ಬಿಗಿಯಾಗುತ್ತ ಹೋಗುತ್ತದೆ. ಉಕ್ಕಿನ ಸ್ಪ್ರಿಂಗಿನ ಬಿಗಿ ಒಂದೇ, ಗಾಳಿಯ ಸ್ಪ್ರಿಂಗಿನ ಬಿಗಿ ತುಂಬಿದ ಗಾಳಿಯೊಂದಿಗೆ ಬೆಳೆಯುತ್ತದೆ. ಭಾರ ಹೆಚ್ಚಾದಾಗ ಗಾಳಿಯನ್ನೂ ಹೆಚ್ಚಿಸಿದರೆ ವಾಹನ ತೂಗುವ ಲಯ ಹೆಚ್ಚು ಕಡಿಮೆ ಹಾಗೆಯೇ ಉಳಿಯುತ್ತದೆ. ಗಾಳಿ ಸಸ್ಪೆನ್ಷನ್ನಿನ ಬಸ್ಸಿನಲ್ಲಿ ಹತ್ತು ಜನ ಕೂತಾಗಲೂ ಐವತ್ತು ಜನ ಕೂತಾಗಲೂ ಕುಲುಕು ಒಂದೇ ಬಗೆಯಾಗಿರುವುದಕ್ಕೆ ಇದೇ ಕಾರಣ.

ಚೀಲಗಳಲ್ಲಿ ಮುಖ್ಯವಾಗಿ ಮೂರು ಬಗೆ. ನಡುವೆ ಉಂಗುರ ಬಿಗಿದು ಎರಡು ಅಥವಾ ಮೂರು ಮಡಿಕೆಯಾಗಿ ಕಾಣುವುದು ತಿದಿ ಬಗೆ. ಗಿಡ್ಡ ಜಾಗದಲ್ಲಿ ಹೆಚ್ಚು ಭಾರ ಹೊರುವುದರಿಂದ ಪಿಕಪ್‌ಗಳಿಗೆ ಹೆಚ್ಚಾಗಿ ಬಳಸುವುದು ಇದನ್ನೇ. ಉದ್ದನೆಯ ತೋಳಿನಂಥ ರಬ್ಬರು ಕೆಳಗಿನ ಪಿಸ್ಟನ್ನಿನ ಮೇಲೆ ಮಡಿಚಿಕೊಂಡು ಉರುಳುವುದು ಎರಡನೆಯ ಬಗೆ. ಅದು ಹೆಚ್ಚು ಮೆದು, ಹೆಚ್ಚು ದೂರ ಚಲಿಸಬಲ್ಲದು, ಬಸ್ಸುಗಳಿಗೆ ಹೊಂದುತ್ತದೆ. ಸುರುಳಿ ಸ್ಪ್ರಿಂಗಿನ ಒಳಗೆ ತೂರಿಸುವ ಉರುಳೆಯಾಕಾರದ ಚೀಲ ಮೂರನೆಯದು. ಹಿಂದೆ ಸುರುಳಿ ಸ್ಪ್ರಿಂಗ್ ಇರುವ ವಾಹನಗಳಿಗೆ ಮಾತ್ರ ಅದು ಉಪಯೋಗ. ಕಮಾನನ್ನು ಪೂರ್ತಿ ತೆಗೆದು ಗಾಳಿಚೀಲವನ್ನೇ ನೆಚ್ಚುವ ವ್ಯವಸ್ಥೆ ಬೇರೆಯೇ ಮಾತು. ಅಲ್ಲಿ ಅಚ್ಚನ್ನು ಜಾಗದಲ್ಲಿ ಹಿಡಿಯುವ ಕೆಲಸಕ್ಕೆ ಉದ್ದದ ತೋಳುಗಳೂ ಅಡ್ಡ ಸರಳೂ ಬೇಕು, ಎತ್ತರ ನೋಡಿಕೊಂಡು ತಾನೇ ಗಾಳಿ ಬಿಡುವ ಮತ್ತು ತುಂಬುವ ಲೆವೆಲಿಂಗ್ ವಾಲ್ವ್ ಬೇಕು. ಹಳ್ಳಿಯ ಪಿಕಪ್‌ಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ.

ಗಾಳಿಯ ಸ್ಪ್ರಿಂಗಿಗೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. ಅಮೆರಿಕದಲ್ಲಿ ವಿಲಿಯಂ ಹಂಫ್ರೀಸ್ ವಾಹನಗಳ ಗಾಳಿ ಸ್ಪ್ರಿಂಗಿಗೆ 1901ರಲ್ಲಿ ಪೇಟೆಂಟ್ ಪಡೆದ. 1930ರ ದಶಕದಲ್ಲಿ ಟೈರು ತಯಾರಕ ಫೈರ್‌ಸ್ಟೋನ್ ಕಂಪನಿ ತಿದಿ ಬಗೆಯ ಚೀಲವನ್ನು ರೂಪಿಸಿತು. ಟೈರು ಮಾಡುವವರ ಕೈಯಲ್ಲೇ ಅದು ಬೆಳೆದದ್ದು ಸಹಜ, ಏಕೆಂದರೆ ಚೀಲದ ಗೋಡೆಯೂ ಟೈರಿನಂತೆ ನೂಲಿನ ಪದರಗಳ ಮೇಲೆ ರಬ್ಬರ್ ಹೊದಿಸಿ ಮಾಡಿದ್ದು. ಜನರಲ್ ಮೋಟರ್ಸ್ 1953ರಲ್ಲಿ ದೂರ ಪ್ರಯಾಣದ ಬಸ್ಸುಗಳಿಗೆ ಅದನ್ನು ಅಳವಡಿಸಿತು. ಸುರುಳಿ ಸ್ಪ್ರಿಂಗಿನೊಳಗೆ ತೂರಿಸುವ ಸಹಾಯಕ ಚೀಲಗಳು ಬಂದದ್ದು ಮಿಷಿಗನ್ ರಾಜ್ಯದ ಲ್ಯಾನ್ಸಿಂಗ್‌ನಲ್ಲಿ 1949ರಲ್ಲಿ ಆರಂಭವಾದ ಏರ್ ಲಿಫ್ಟ್ ಕಂಪನಿಯಿಂದ. ರಜೆಯಲ್ಲಿ ಮನೆಬಂಡಿ ಎಳೆದುಕೊಂಡು ಹೋಗುವ ಅಮೆರಿಕ, ಆಸ್ಟ್ರೇಲಿಯಗಳ ಜನರಿಂದ ಈ ಸಹಾಯಕ ಚೀಲಗಳಿಗೆ ದೊಡ್ಡ ಮಾರುಕಟ್ಟೆ ಸಿಕ್ಕಿತು. ಕನ್ನಡ ನಾಡಿನವರಿಗೆ ಗಾಳಿ ಸಸ್ಪೆನ್ಷನ್ನಿನ ಪರಿಚಯವಾದದ್ದು ಬಸ್ಸಿನ ಮೂಲಕ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ 1998ರಲ್ಲಿ ಲಾರಿ ತಯಾರಿಕೆ ಆರಂಭಿಸಿದ ವೋಲ್ವೊ, 2001ರಲ್ಲಿ ಬಿ7ಆರ್ ಬಸ್ಸನ್ನು ಭಾರತಕ್ಕೆ ತಂದಿತು. ಕೆಎಸ್‌ಆರ್‌ಟಿಸಿಯ ‘ಐರಾವತ’ವಾಗಿ ಅದು ಓಡತೊಡಗಿದಾಗ, ಅದೇ ಗುಂಡಿಗಳ ಅದೇ ರಸ್ತೆ ಬೇರೆಯಾದಂತೆ ಪ್ರಯಾಣಿಕರಿಗೆ ಅನ್ನಿಸಿತ್ತು. ನಗರದ ತಗ್ಗುನೆಲದ ಬಸ್ಸು ನಿಲ್ದಾಣದಲ್ಲಿ ಬುಸ್ಸೆಂದು ಒಂದು ಪಕ್ಕ ಮಂಡಿಯೂರುವುದೂ ಈ ಚೀಲಗಳ ಗಾಳಿ ಬಿಟ್ಟಾಗಲೇ.

ಚೀಲ ಏನನ್ನು ಮಾಡಲಾರದು ಎಂಬುದನ್ನು ತಿಳಿಯುವುದು ಅದು ಏನು ಮಾಡುತ್ತದೆ ಎಂಬುದಕ್ಕಿಂತ ಮುಖ್ಯ. ಅದು ಎತ್ತರವನ್ನು ಮರಳಿಸುತ್ತದೆ, ಭಾರದ ಮಿತಿಯನ್ನು ಏರಿಸುವುದಿಲ್ಲ. ಹಿಂದಿನ ಅಚ್ಚು, ಬೇರಿಂಗು, ರಿಮ್ಮು, ಟೈರು, ಬ್ರೇಕು, ಚಾಸಿ ಇವೆಲ್ಲ ಹಳೆಯವೇ. ಲೆಕ್ಕಕ್ಕೆ ಒಂದು ಪಿಕಪ್‌ನ ಹಿಂದಿನ ಅಚ್ಚಿಗೆ 1,900 ಕಿಲೋ ಮಿತಿ, ಬರಿಗಾಡಿಯಲ್ಲಿ ಅದರ ಮೇಲೆ 800 ಕಿಲೋ ಎಂದಿಟ್ಟುಕೊಳ್ಳಬಹುದು. ತೊಟ್ಟಿಯಲ್ಲಿ 900 ಕಿಲೋ ಹೇರಿ ಅದೆಲ್ಲ ಹಿಂದಿನ ಅಚ್ಚಿನ ಮೇಲೆಯೇ ಬಿದ್ದರೆ 1,700. ಅದಕ್ಕೆ ಮೇಲೆ ಹೇಳಿದ ಟ್ರೇಲರನ್ನು ಕಟ್ಟಿದರೆ ಇನ್ನೂ 210 ಸೇರಿ 1,910. ತೊಟ್ಟಿಯ ಭಾರ ವಾಹನದ ಸಾಮರ್ಥ್ಯದೊಳಗೇ ಇದ್ದರೂ, ಸಣ್ಣದೊಂದು ಟ್ರೇಲರ್ ಕಟ್ಟಿದ ಮಾತ್ರಕ್ಕೆ ಅಚ್ಚು ಮಿತಿ ದಾಟಿತು. ಕಮಾನು ಮಾತ್ರ ಇದ್ದಾಗ ಕುಸಿದ ಹಿಂಭಾಗವೇ ಇದನ್ನು ನೋಡಿದವರಿಗೆಲ್ಲ ಸಾರಿ ಹೇಳುತ್ತಿತ್ತು. ಚೀಲ ಹಾಕಿದ ಮೇಲೆ ಗಾಡಿ ನೆಟ್ಟಗೆ ನಿಲ್ಲುತ್ತದೆ, ಹೆಚ್ಚುಭಾರ ಕಣ್ಣಿಗೆ ಕಾಣುವುದಿಲ್ಲ. ಈ ಉಪಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದ ಸಂಗತಿ ಇದು.

ಎರಡನೆಯದಾಗಿ, ಹಿಂಭಾಗ ಮೇಲೆದ್ದ ಮಾತ್ರಕ್ಕೆ ಮುಂದಿನ ಅಚ್ಚು ಕಳೆದುಕೊಂಡ 60 ಕಿಲೋ ಮರಳಿ ಬರುವುದಿಲ್ಲ. ಸನ್ನೆಗೋಲಿನ ಲೆಕ್ಕದಲ್ಲಿ ಅಂತರಗಳು ಬದಲಾಗಿಲ್ಲ, ಭಾರವೂ ಬದಲಾಗಿಲ್ಲ. ಗಾಡಿ ಮಟ್ಟವಾಗಿ ಕಂಡರೂ ಸ್ಟೀರಿಂಗು ಹಗುರಾಗಿಯೇ ಇರುತ್ತದೆ. ಆ ಭಾರವನ್ನು ಮುಂದಕ್ಕೆ ದಾಟಿಸುವುದು ಬೇರೊಂದು ಸಾಧನ. ಕೊಂಡಿಯ ಎರಡೂ ಪಕ್ಕದಿಂದ ಟ್ರೇಲರಿನ ಮೂಕಿಯವರೆಗೆ ಬಿಗಿದ ಸ್ಪ್ರಿಂಗ್ ಸರಳುಗಳ, ಭಾರ ಹಂಚುವ ಕೊಂಡಿ ಅದು. ಭಾರಿ ಟ್ರೇಲರಿಗೆ ಮೊದಲು ಆ ಸರಳುಗಳಿಂದ ಮುಂದಿನ ಅಚ್ಚಿನ ಭಾರವನ್ನು ಸರಿಮಾಡಿ, ಉಳಿದ ಕೊರತೆಯನ್ನಷ್ಟೇ ಚೀಲದಿಂದ ತುಂಬುವುದು ಒಳ್ಳೆಯ ಕ್ರಮ. ಬೀಸುವ ಟ್ರೇಲರಿಗೂ ಚೀಲ ಮದ್ದಲ್ಲ. ಟ್ರೇಲರಿನಲ್ಲಿ ಸಾಮಾನನ್ನು ಮುಂದಕ್ಕೆ ಸರಿಸಿ ಹೇರುವುದೇ ಅದಕ್ಕೆ ಮುಖ್ಯ ಪರಿಹಾರ, ಗಾಡಿ ಹೊಡೆಯುವವರು ಹಿಂದಿನಿಂದ ಮಾಡುತ್ತಿದ್ದಂತೆ.

ಕಾನೂನಿನ ಪ್ರಶ್ನೆ ಇಲ್ಲಿಗೇ ಸೇರುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 113ನೆಯ ಕಲಂ ಪ್ರಕಾರ ವಾಹನದ ಭಾರ ನೋಂದಣಿ ಪತ್ರದಲ್ಲಿ ಬರೆದ ಮಿತಿಯನ್ನು ಮೀರುವಂತಿಲ್ಲ. 2019ರ ತಿದ್ದುಪಡಿಯ ನಂತರ 194ನೆಯ ಕಲಂ ಹೆಚ್ಚುಭಾರಕ್ಕೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ ಇನ್ನೂ 2,000 ರೂಪಾಯಿ ದಂಡ ಹೇಳುತ್ತದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು 52ನೆಯ ಕಲಂ ತಡೆಯುತ್ತದೆ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅನುಮತಿಯಿಲ್ಲದ ಅಳವಡಿಕೆಗೆ 182ಎ ಕಲಂ ಅಡಿ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ ವಿಧಿಸಬಹುದು. ಚೀಲ ಕೊಳ್ಳುವ ಮೊದಲೇ ವಾಹನ ತಯಾರಕರ ಕೈಪಿಡಿಯಲ್ಲಿ ಟ್ರೇಲರ್ ಎಳೆಯಲು ಅವಕಾಶವಿದೆಯೇ, ಇದ್ದರೆ ಎಷ್ಟು ತೂಕದವರೆಗೆ ಎಂದು ನೋಡಿ, ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಅಗತ್ಯ. ಟ್ರೇಲರಿಗೂ ತನ್ನದೇ ನೋಂದಣಿ ಬೇಕು. ಗಡಿಯ ಎರಡೂ ಕಡೆ ಓಡುವ ಗಾಡಿಗೆ ಈ ಕಾಗದಗಳು ಎರಡು ಪಟ್ಟು ಮುಖ್ಯ.

ಅಳವಡಿಸುವ ಕೆಲಸ ಅಂಥ ಕಠಿಣದ್ದಲ್ಲ. ಚಾಸಿಯನ್ನು ಭದ್ರವಾದ ಆಸರೆಗಳ ಮೇಲೆ ನಿಲ್ಲಿಸಿ, ಅಚ್ಚನ್ನು ಜಾಕಿನಿಂದ ಸ್ವಲ್ಪ ಇಳಿಬಿಟ್ಟು, ಚಾಸಿಯಡಿಯ ರಬ್ಬರ್ ಗಟ್ಟಿಯನ್ನು ಬಿಚ್ಚಿದರೆ ಚೀಲಕ್ಕೆ ಬೇಕಾದ ಜಾಗ ಬಹುಪಾಲು ವಾಹನಗಳಲ್ಲಿ ಅಲ್ಲೇ ಸಿಗುತ್ತದೆ. ಮೇಲಿನ ಹಿಡಿಕಟ್ಟು ಚಾಸಿಗೆ, ಕೆಳಗಿನದು ಅಚ್ಚು ಅಥವಾ ಕಮಾನಿನ ಮೇಲೆ. ಚಾಸಿಗೆ ಬೆಸುಗೆ ಹಾಕುವುದು ಅಥವಾ ಅದರ ಮೇಲಂಚು ಕೆಳಅಂಚುಗಳಲ್ಲಿ ತೂತು ಕೊರೆಯುವುದು ಸಲ್ಲದು. ಭಾರದಿಂದ ಅತಿ ಹೆಚ್ಚು ಜಗ್ಗಾಟ ನಡೆಯುವುದು ಆ ಅಂಚುಗಳಲ್ಲೇ, ಬಿರುಕು ಹುಟ್ಟುವುದೂ ಅಲ್ಲಿಂದಲೇ. ಉಬ್ಬಿದ ಚೀಲ ಸುತ್ತಲಿನ ಯಾವುದಕ್ಕೂ ತಾಗಬಾರದು. ಬೆರಳು ಸಲೀಸಾಗಿ ಸುತ್ತ ಹಾಯುವಷ್ಟು ಜಾಗವಿರಬೇಕು. ಸೈಲೆನ್ಸರಿನ ಕೊಳವೆ ಹತ್ತಿರವಿದ್ದರೆ ನಡುವೆ ಶಾಖ ತಡೆಯುವ ತಗಡು ಕಡ್ಡಾಯ. ಗಾಳಿಯ ನೈಲಾನ್ ಕೊಳವೆಯನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಬೇಕು. ಕಟಿಂಗ್ ಪ್ಲೇಯರಿನಿಂದ ಜಜ್ಜಿ ಕತ್ತರಿಸಿದ ತುದಿ ಅಂಡಾಕಾರವಾಗಿ, ಗಾಳಿ ಸೋರುವುದು ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತದೆ.

ಎರಡು ಚೀಲಗಳನ್ನು ಒಂದೇ ಕೊಳವೆಗೆ ಸೇರಿಸಬೇಕೇ, ಬೇರೆ ಬೇರೆ ಕೊಳವೆ ಎಳೆಯಬೇಕೇ ಎಂಬುದು ಪದೇ ಪದೇ ಬರುವ ಪ್ರಶ್ನೆ. ಒಂದೇ ಕೊಳವೆಯಾದರೆ ತುಂಬುವ ಕೆಲಸ ಅರ್ಧವಾಗುತ್ತದೆ, ಆದರೆ ತಿರುವಿನಲ್ಲಿ ಹೊರಮಗ್ಗುಲಿನ ಚೀಲ ಒತ್ತಿಕೊಂಡಾಗ ಅದರ ಗಾಳಿ ಒಳಮಗ್ಗುಲಿಗೆ ಹರಿಯುತ್ತದೆ. ತಡೆಯಬೇಕಾದ ವಾಲುವಿಕೆಗೆ ಚೀಲವೇ ನೆರವಾದಂತಾಯಿತು. ಕುರಿಗಳಂತೆ ತಾವೇ ಪಕ್ಕ ಬದಲಿಸುವ ಹೊರೆಗೂ ಅರ್ಧ ತುಂಬಿದ ನೀರಿನ ಟ್ಯಾಂಕಿಗೂ ಬೇರೆ ಬೇರೆ ಕೊಳವೆಯೇ ಸರಿ.

ಇದಕ್ಕಿಂತ ಗಂಭೀರವಾದದ್ದು, ಆದರೆ ಅಳವಡಿಸುವವರು ಮರೆಯುವ ಸಂಗತಿ, ಬ್ರೇಕಿನದು. ಸರಕು ಸಾಗಿಸುವ ಹಲವು ಪಿಕಪ್‌ಗಳಲ್ಲಿ ಚಾಸಿಗೂ ಅಚ್ಚಿಗೂ ನಡುವೆ ಸಣ್ಣ ಸರಳೋ ಸ್ಪ್ರಿಂಗೋ ಜೋಡಿಸಿದ ಒಂದು ವಾಲ್ವ್ ಇರುತ್ತದೆ. ಹಿಂಭಾಗ ಎಷ್ಟು ಕುಸಿದಿದೆ ಎಂಬುದರಿಂದ ಎಷ್ಟು ಭಾರವಿದೆ ಎಂದು ಅದು ತಿಳಿಯುತ್ತದೆ. ಭಾರವಿದ್ದರೆ ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ, ಬರಿದಾಗಿದ್ದರೆ ಚಕ್ರ ಜಾರದಂತೆ ಕಡಿಮೆ ಒತ್ತಡ ಕೊಡುತ್ತದೆ. ಗಾಳಿಚೀಲ ಹಿಂಭಾಗವನ್ನು ಎತ್ತಿ ನಿಲ್ಲಿಸಿದಾಗ ಈ ವಾಲ್ವ್ ಮೋಸಹೋಗುತ್ತದೆ. ತುಂಬಿದ ಗಾಡಿಯನ್ನು ಬರಿಗಾಡಿ ಎಂದುಕೊಂಡು ಹಿಂದಿನ ಬ್ರೇಕನ್ನು ಸಡಿಲಿಸುತ್ತದೆ. ಹೆಚ್ಚು ಬ್ರೇಕ್ ಬೇಕಾದ ಹೊತ್ತಿನಲ್ಲೇ ಕಡಿಮೆ ಬ್ರೇಕ್ ಸಿಗುತ್ತದೆ. ಅಂಥ ವಾಲ್ವ್ ಇರುವ ವಾಹನಕ್ಕೆ ತಯಾರಕರ ಸೂಚನೆಯಿಲ್ಲದೆ ಚೀಲ ಹಾಕಿಸಬಾರದು. ಹಾಕಿಸಿದರೆ ವಾಲ್ವನ್ನು ಮತ್ತೆ ಹೊಂದಿಸಿ ಬ್ರೇಕ್ ಪರೀಕ್ಷೆ ಮಾಡಿಸಬೇಕು. ಚೀಲಕ್ಕೆ ಸಾವಿರಾರು ರೂಪಾಯಿ ಕೊಟ್ಟವರು ಈ ಒಂದು ಗಂಟೆಯ ಕೆಲಸವನ್ನು ಉಳಿಸಬಾರದು.

ಎಷ್ಟು ಗಾಳಿ ಎಂಬುದನ್ನು ಅಂದಾಜಿನಿಂದಲ್ಲ, ಅಳತೆಯಿಂದ ತೀರ್ಮಾನಿಸಬೇಕು. ಮಟ್ಟವಾದ ನೆಲದಲ್ಲಿ ಬರಿಗಾಡಿ ನಿಲ್ಲಿಸಿ, ನಾಲ್ಕೂ ಚಕ್ರಗಳ ಮೇಲಿನ ಮಡ್‌ಗಾರ್ಡಿನ ಅಂಚಿನಿಂದ ನೆಲಕ್ಕೆ ಟೇಪು ಹಿಡಿದು ಬರೆದುಕೊಳ್ಳಬೇಕು. ಟ್ರೇಲರ್ ಕಟ್ಟಿದ ಮೇಲೆ ಮತ್ತೆ ಅಳೆದು, ಹಿಂಭಾಗ ಬರಿಗಾಡಿಯ ಎತ್ತರಕ್ಕೆ ಬರುವವರೆಗೆ ಐದೈದು ಪೌಂಡಿನಂತೆ ತುಂಬಬೇಕು. ಅದಕ್ಕಿಂತ ಮೇಲೆತ್ತುವುದು ತಪ್ಪು: ಹಿಂಭಾಗ ಎದ್ದು ಮುಂಭಾಗ ತಗ್ಗಿದ ಗಾಡಿ ಬ್ರೇಕಿನಲ್ಲಿ ಮುಗ್ಗರಿಸುತ್ತದೆ. ಚೀಲದ ಒಳಜಾಗ ಕೆಲವೇ ಲೀಟರು. ಪಂಕ್ಚರ್ ಅಂಗಡಿಯ ದೊಡ್ಡ ಟ್ಯಾಂಕಿನ ಗಾಳಿಗೆ ಅದು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮಿತಿ ದಾಟುತ್ತದೆ. ಸಾಮಾನ್ಯವಾಗಿ 100 ಪೌಂಡು ಇದರ ಮೇಲುಮಿತಿ. ಕಾಲಿನ ಪಂಪು ಅಥವಾ ಬ್ಯಾಟರಿಯಿಂದ ಓಡುವ 12 ವೋಲ್ಟಿನ ಸಣ್ಣ ಕಂಪ್ರೆಸರ್ ಹೆಚ್ಚು ಕ್ಷೇಮ. ಕೊನೆಯಲ್ಲಿ ತೂಕದ ಸೇತುವೆಗೆ ಹೋಗಿ ಮೊದಲು ಪಿಕಪ್‌ನ ಮುಂದಿನ ಅಚ್ಚನ್ನು ಮಾತ್ರ ನಿಲ್ಲಿಸಿ, ನಂತರ ಹಿಂದಿನದನ್ನು ಮಾತ್ರ ನಿಲ್ಲಿಸಿ ಎರಡು ತೂಕ ತೆಗೆದುಕೊಂಡರೆ ಮೇಲಿನ ಲೆಕ್ಕವೆಲ್ಲ ಆ ಚೀಟಿಯಲ್ಲಿ ಸಿಗುತ್ತದೆ. ಎತ್ತರ ಹೇಳದ ಸತ್ಯವನ್ನು ಹೇಳುವುದು ಆ ಚೀಟಿ ಮಾತ್ರ.

ಅನಂತಪುರ ದೇಶದ ಅತಿ ಕಡಿಮೆ ಮಳೆಯ ಜಿಲ್ಲೆಗಳಲ್ಲೊಂದು, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಗಿನ ತಂಪಿನಲ್ಲಿ ತುಂಬಿದ ಗಾಳಿ ಮಧ್ಯಾಹ್ನಕ್ಕೆ ಹಿಗ್ಗಿ, ಅದೇ ಭಾರಕ್ಕೆ ಗಾಡಿ ಸ್ವಲ್ಪ ಎತ್ತರ ನಿಲ್ಲುತ್ತದೆ. ಇದು ದೋಷವಲ್ಲ, ನಡುದಾರಿಯಲ್ಲಿ ಗಾಳಿ ಇಳಿಸಬೇಕಾಗಿಯೂ ಇಲ್ಲ. ಕಣೇಕಲ್ಲು, ಬೊಮ್ಮನಹಾಳ್ ಕಡೆ ವೇದಾವತಿಯ ದಂಡೆಯಿಂದ ಗಾಳಿಗೆ ಹಾರಿ ಹೊಲಗಳ ಮೇಲೆ ಕೂರುವ ಮರಳು ಇದಕ್ಕಿಂತ ಹೆಚ್ಚು ಕೆಡುಕು ಮಾಡಬಲ್ಲದು. ಚೀಲದ ಮಡಿಕೆಯಲ್ಲಿ ಸೇರಿದ ಮರಳು ಪ್ರತಿ ಕುಲುಕಿಗೂ ಅರದಂತೆ ರಬ್ಬರನ್ನು ತೇಯುತ್ತದೆ. ಟೈರಿಗೆ ವೈರಿಯಾದ ಬಳ್ಳಾರಿ ಜಾಲಿಯ ಮುಳ್ಳಿಗಿಂತ ಚಕ್ರ ಎಸೆಯುವ ಜಲ್ಲಿಯೇ ಚೀಲಕ್ಕೆ ಅಪಾಯ. ವಾರಕ್ಕೊಮ್ಮೆ ನೀರಿನಿಂದ ಮಡಿಕೆಗಳನ್ನು ತೊಳೆದರೆ ಸಾಕು, ಡೀಸೆಲ್, ಗ್ರೀಸು ರಬ್ಬರಿಗೆ ತಾಗಬಾರದು.

ಸೋರಿಕೆ ಪತ್ತೆಗೆ ಪಂಕ್ಚರ್ ಅಂಗಡಿಯ ಹಳೆಯ ವಿದ್ಯೆಯೇ ಸಾಕು. ಸೋಪಿನ ನೀರನ್ನು ಒಂದೊಂದು ಜೋಡಣೆಗೂ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುವುದು. ಹೊಸದಾಗಿ ಹಾಕಿಸಿದಾಗ ಗಾಳಿ ತುಂಬಿ ಒಂದು ರಾತ್ರಿ ಬಿಟ್ಟು ಬೆಳಗ್ಗೆ ಮತ್ತೆ ಒತ್ತಡ ನೋಡಬೇಕು. ಗಾಳಿ ಪೂರ್ತಿ ಇಳಿದ ಚೀಲದ ಮೇಲೆ ಗಾಡಿ ಓಡಿಸಿದರೆ ಮಡಿಕೆ ಲೋಹದ ನಡುವೆ ಸಿಕ್ಕಿ ಹರಿಯುತ್ತದೆ, ಆದ್ದರಿಂದ ಟ್ರೇಲರ್ ಬಿಚ್ಚಿದ ಮೇಲೂ 5ರಿಂದ 10 ಪೌಂಡು ಉಳಿಸಿಯೇ ಇರಬೇಕು. ಪಂಕ್ಚರಾದಾಗ ಚಾಸಿಗೆ ಜಾಕ್ ಕೊಟ್ಟು ಎತ್ತಿದರೆ ಅಚ್ಚು ಕೆಳಗೆ ಜೋತು ಚೀಲ ಮಿತಿಮೀರಿ ಎಳೆದುಕೊಳ್ಳುತ್ತದೆ. ಜಾಕನ್ನು ಅಚ್ಚಿನ ಕೆಳಗೇ ಕೊಡಬೇಕು. ರಬ್ಬರಿನ ಹೊರಮೈಯಲ್ಲಿ ಕೂದಲೆಳೆಯ ಬಿರುಕು ವಯಸ್ಸಿನ ಗುರುತು. ಬಿರುಕಿನೊಳಗೆ ನೂಲಿನ ಪದರ ಕಂಡರೆ ಆ ಚೀಲವನ್ನು ತೇಪೆ ಹಾಕದೆ ಬದಲಿಸಬೇಕು, ಒಂದು ಹೋದರೆ ಎರಡನ್ನೂ ಒಟ್ಟಿಗೆ. ಹೊಸ ಜೋಡಿ ಬರುವವರೆಗೆ ಬಿಚ್ಚಿಟ್ಟ ರಬ್ಬರ್ ಗಟ್ಟಿಗಳನ್ನು ಮತ್ತೆ ಅವುಗಳ ಜಾಗಕ್ಕೆ ಹಾಕಿದರೆ ಪಿಕಪ್ ಕಮಾನಿನ ಮೇಲೆಯೇ, ಟ್ರೇಲರ್ ಇಲ್ಲದೆ, ಓಡಬಲ್ಲದು.